ನಿತ್ಯಜೀವನದ ಪಾಠವೂ ಯಂತ್ರಸಾಧನಗಳೂ

ಓದು, ಬರಹ, ಲೆಕ್ಕ - ಈ ಮೂರನ್ನು ಚೆನ್ನಾಗಿ ಕಲಿಸಿದರೆ ಶಾಲೆಯ ಕರ್ತವ್ಯ ಮುಗಿಯಿತೆಂದು ನಾವು ಬಹುಕಾಲ ನಂಬಿಕೊಂಡಿದ್ದೆವು. ಮಿಕ್ಕದ್ದನ್ನು ಮನೆಯೂ ಲೋಕವೂ ಕಲಿಸಿಕೊಳ್ಳುತ್ತವೆ ಎಂಬುದು ನಮ್ಮ ಎಣಿಕೆಯಾಗಿತ್ತು. ಎರಡು ವರ್ಷಗಳ ಹಿಂದಿನ ಒಂದು ಮಳೆಗಾಲದ ದಿನ ಈ ನಂಬಿಕೆಯ ಬುಡವನ್ನೇ ಅಲುಗಿಸಿತು. ಆ ದಿನದ ಸಂಗತಿಯನ್ನೂ, ಆ ಬಳಿಕ ನಾವು ಕಲಿತುದನ್ನೂ ವಿದ್ಯಾರ್ಥಿಗಳಿಗೂ ಪಾಲಕರಿಗೂ ತಿಳಿಸುವುದು ಈ ಲೇಖನದ ಉದ್ದೇಶ.

ನಮ್ಮ ತರಗತಿಯಲ್ಲಿ ಹುಟ್ಟಿನಿಂದಲೇ ದೃಷ್ಟಿಯಿಲ್ಲದ ಒಬ್ಬ ಬಾಲಕನಿದ್ದಾನೆ. ಆಗ ಅವನು ಏಳನೆಯ ಇಯತ್ತೆ. ಬ್ರೈಲ್ ಲಿಪಿಯಲ್ಲಿ ಕನ್ನಡವನ್ನು ಸರಾಗವಾಗಿ ಓದುತ್ತಿದ್ದ. ಇಪ್ಪತ್ತರವರೆಗಿನ ಮಗ್ಗಿಯನ್ನು ತಪ್ಪಿಲ್ಲದೆ ಒಪ್ಪಿಸುತ್ತಿದ್ದ. ಪರೀಕ್ಷೆಯಲ್ಲಿ ಮೊದಲ ಐವರಲ್ಲಿ ಒಬ್ಬನಾಗಿದ್ದ. ಆ ದಿನ ಬೆಳಗಿನಿಂದ ಎಡೆಬಿಡದೆ ಮಳೆ ಸುರಿದು ಹಳಿಗಳ ಮೇಲೆ ನೀರು ನಿಂತುದರಿಂದ ಹನ್ನೊಂದು ಗಂಟೆಗೇ ಶಾಲೆ ಬಿಟ್ಟೆವು. ಮಕ್ಕಳೆಲ್ಲ ಹೊರಟುಹೋದರು. ಈ ಬಾಲಕನ ತಂದೆ ದೂರದ ಹೋಟೆಲೊಂದರಲ್ಲಿ ಚಹಾದ ಕೆಲಸದವರು. ಗಾಡಿಗಳು ನಿಂತುಹೋಗಿ ಅವರಿಗೆ ಬರಲಾಗಲಿಲ್ಲ. ಮಗುವನ್ನು ಯಾರೋ ಕರೆದೊಯ್ದಿರಬೇಕೆಂದು ಭಾವಿಸಿ ನಾವು ಕಚೇರಿಯಲ್ಲಿ ಹಾಜರಿ ಪುಸ್ತಕದ ಲೆಕ್ಕ ಸರಿಮಾಡುತ್ತ ಕುಳಿತೆವು. ಮೂರು ಗಂಟೆಯ ಹೊತ್ತಿಗೆ ಕಿಟಕಿ ಮುಚ್ಚಲೆಂದು ತರಗತಿಗೆ ಹೋದಾಗ ಅವನು ತನ್ನ ಬೆಂಚಿನಲ್ಲೇ ಕುಳಿತಿದ್ದ. ತೊಡೆಯ ಮೇಲೆ ಊಟದ ಡಬ್ಬಿ. ಅದು ತೆರೆದಿರಲಿಲ್ಲ.

“ಊಟ ಮಾಡಲಿಲ್ಲವೇನಪ್ಪಾ?” ಎಂದು ಕೇಳಿದೆವು.

“ಮುಚ್ಚಳ ತೆಗೆಯುವವರು ಯಾರೂ ಇರಲಿಲ್ಲ, ಸರ್” ಎಂದ.

ದಿನವೂ ಅವನ ಡಬ್ಬಿಯನ್ನು ತೆರೆದುಕೊಡುತ್ತಿದ್ದವನು ಪಕ್ಕದಲ್ಲಿ ಕೂಡುವ ಸಹಪಾಠಿ. ಆ ಸಹಪಾಠಿಯ ಸೇವಾಭಾವವನ್ನು ಹಿಂದಿನ ವರ್ಷ ಪ್ರಾರ್ಥನಾಸಭೆಯಲ್ಲಿ ಎಲ್ಲರೆದುರು ಹೊಗಳಿದವರು ನಾವೇ. ಹುಡುಗನ ಕೈ ಹಿಡಿದು ನೀರಿನ ನಲ್ಲಿಯವರೆಗೆ ಕರೆದೊಯ್ಯುವವನೊಬ್ಬ, ಚೀಲ ಹೊರುವವನೊಬ್ಬ, ಪಾದರಕ್ಷೆಯ ಪಟ್ಟಿ ಬಿಗಿಯುವವನೊಬ್ಬ - ಹೀಗೆ ಏಳು ವರ್ಷಗಳ ಕಾಲ ನಾವೆಲ್ಲ ಸೇರಿ ಪ್ರೀತಿಯಿಂದಲೇ ಅವನ ಎರಡು ಕೈಗಳನ್ನು ಕಟ್ಟಿಹಾಕಿದ್ದೆವು. ಪದ್ಯವನ್ನು ಬಾಯಿಪಾಠ ಒಪ್ಪಿಸುವ ಬಾಲಕ ತನ್ನ ಅನ್ನದ ಮುಚ್ಚಳ ತೆಗೆಯಲಾರದೆ ನಾಲ್ಕು ಗಂಟೆ ಹಸಿದು ಕುಳಿತಿದ್ದನೆಂದರೆ ತಪ್ಪು ಅವನದಲ್ಲವೆಂಬುದು ಸ್ಪಷ್ಟ.

ಈ ಪಾಠ ಏಕೆ ಬೇಕು?

ಉಣ್ಣುವುದು, ಉಡುವುದು, ತಲೆ ಬಾಚುವುದು, ನೀರು ಬಗ್ಗಿಸಿಕೊಳ್ಳುವುದು, ಹಣವನ್ನು ಗುರುತಿಸುವುದು, ಹೊತ್ತು ತಿಳಿಯುವುದು, ದಾರಿ ನಡೆಯುವುದು - ಇವೇ ನಿತ್ಯಜೀವನದ ಕೌಶಲಗಳು. ಕಣ್ಣಿರುವ ಮಗುವಿಗೆ ಇವನ್ನು ಯಾರೂ ಪಾಠದಂತೆ ಹೇಳಿಕೊಡುವುದಿಲ್ಲ. ತಾಯಿ ಗುಂಡಿ ಹಾಕುವುದನ್ನು ನೂರು ಸಲ ನೋಡಿ, ನೂರೊಂದನೆಯ ಸಲ ತಾನೇ ಹಾಕುತ್ತದೆ. ನೋಡಿ ಕಲಿಯುವ ಈ ದಾರಿ ಅಂಧ ಮಗುವಿಗೆ ಮುಚ್ಚಿರುವುದು. ಆದುದರಿಂದ ಇತರರು ನೋಟದಿಂದ ಪಡೆಯುವುದನ್ನು ಆ ಮಗುವಿಗೆ ಪಾಠವಾಗಿಯೇ ಕೊಡಬೇಕು. ಬುದ್ಧಿಯ ಬೆಳವಣಿಗೆ ನಿಧಾನವಾದ ಮಕ್ಕಳಿಗೂ ಈ ಮಾತು ಸಲ್ಲುತ್ತದೆ. ಅವರು ನೋಡಬಲ್ಲರಾದರೂ ಕೆಲಸದ ಮೆಟ್ಟಲುಗಳನ್ನು ಬಿಡಿಸಿಕೊಳ್ಳಲು ನೆರವು ಬೇಕಾಗುವುದು.

ಇದು ಕೇವಲ ದಯೆಯ ಮಾತಲ್ಲ. ೨೦೧೧ರ ಜನಗಣತಿಯಂತೆ ನಮ್ಮ ದೇಶದಲ್ಲಿ ಅಂಗವೈಕಲ್ಯವುಳ್ಳವರ ಸಂಖ್ಯೆ ೨ ಕೋಟಿ ೬೮ ಲಕ್ಷ. ೧೯೯೫ರ ಕಾನೂನು ಏಳು ಬಗೆಯ ವೈಕಲ್ಯಗಳನ್ನು ಮಾತ್ರ ಹೆಸರಿಸಿತ್ತು. ೨೦೧೬ರ ಅಂಗವಿಕಲರ ಹಕ್ಕುಗಳ ಕಾನೂನು ಇಪ್ಪತ್ತೊಂದನ್ನು ಹೆಸರಿಸಿ, ಇತರ ಮಕ್ಕಳೊಡನೆ ಕಲಿಯುವುದನ್ನು ಅವರ ಹಕ್ಕೆಂದು ಸಾರಿತು. ಹಕ್ಕು ಕಾಗದದಲ್ಲಿ ಬಂದ ಮಾತ್ರಕ್ಕೆ ಡಬ್ಬಿಯ ಮುಚ್ಚಳ ತೆರೆಯುವುದಿಲ್ಲ. ಅದು ಶಿಕ್ಷಕನ ಕೆಲಸ.

ಕೆಲಸವನ್ನು ಬಿಡಿಸಿ ಕಲಿಸುವ ಕ್ರಮ

ನಾವು ಕನ್ನಡದಲ್ಲೇ ಮ್ಯಾಟ್ರಿಕ್ ಮುಗಿಸಿ ಊರು ಬಿಟ್ಟು ಬಂದವರು. ಅಂಧರ ಶಿಕ್ಷಣದಲ್ಲಿ ನಮಗೆ ಯಾವ ತರಬೇತಿಯೂ ಇರಲಿಲ್ಲ. ಆದಕಾರಣ ದೃಷ್ಟಿಹೀನರಿಗೆ ಸಂಚಾರ ಕಲಿಸುವ ಒಬ್ಬ ಮರಾಠಿ ಶಿಕ್ಷಕಿಯ ಬಳಿಗೆ ಹೋದೆವು. ಅವರಿಗೂ ದೃಷ್ಟಿಯಿಲ್ಲ. ನಮ್ಮ ಕಥೆಯನ್ನೆಲ್ಲ ಕೇಳಿ, ನಮ್ಮ ಕಣ್ಣಿಗೆ ಬಟ್ಟೆ ಕಟ್ಟಿಸಿ, ಕೈಗೊಂದು ಡಬ್ಬಿ ಕೊಟ್ಟು, “ತೆಗೆಯಿರಿ, ಆದರೆ ಬೆರಳು ಏನೇನು ಮಾಡುತ್ತದೆ ಎಂಬುದನ್ನು ಬಾಯಲ್ಲಿ ಹೇಳುತ್ತ ತೆಗೆಯಿರಿ” ಎಂದರು. ನಾವು ತಡವರಿಸಿದೆವು. ದಿನವೂ ಮಾಡುವ ಕೆಲಸವನ್ನು ವಿವರಿಸಲು ನಮಗೆ ಮಾತು ಇರಲಿಲ್ಲ.

ಅಂದು ಬರೆದುಕೊಂಡ ಪಟ್ಟಿ ಇಷ್ಟು: ಡಬ್ಬಿಯನ್ನು ಮೇಜಿನ ಮೇಲೆ ಸಮನಾಗಿ ಇಡು. ಎಡಗೈಯಿಂದ ಅದರ ನಡುವನ್ನು ಹಿಡಿ. ಬಲಗೈ ಬೆರಳನ್ನು ಅಂಚಿನ ಮೇಲೆ ಸುತ್ತಿಸಿ ಕೊಂಡಿಯನ್ನು ಹುಡುಕು. ಕೊಂಡಿಯ ಕೆಳತುದಿಗೆ ಹೆಬ್ಬೆರಳನ್ನು ಕೊಡು. ಹೊರಕ್ಕೆ ಎಳೆ. ಡಬ್ಬಿಯನ್ನು ಅರ್ಧ ಸುತ್ತು ತಿರುಗಿಸು. ಎರಡನೆಯ ಕೊಂಡಿಯನ್ನು ಹಾಗೆಯೇ ತೆಗೆ. ಮುಚ್ಚಳವನ್ನು ನೇರವಾಗಿ ಮೇಲೆತ್ತು. ಒಂದು ಕೆಲಸ, ಎಂಟು ಮೆಟ್ಟಲು.

ಕಲಿಸುವಾಗ ಎರಡು ನಿಯಮಗಳನ್ನು ಪಾಲಿಸಬೇಕೆಂದು ಆ ಶಿಕ್ಷಕಿ ಹೇಳಿದರು. ಮೊದಲನೆಯದು, ಮಗುವಿನ ಕೈಯನ್ನು ಮೇಲಿನಿಂದ ಹಿಡಿದು ಆಡಿಸಬಾರದು. ನಮ್ಮ ಕೈ ಕೆಳಗಿದ್ದು, ಮಗುವಿನ ಕೈ ಅದರ ಮೇಲಿರಬೇಕು. ಆಗ ಮಗು ಸ್ವಇಚ್ಛೆಯಿಂದ ಹಿಂಬಾಲಿಸುತ್ತದೆ; ಬೇಡವೆಂದರೆ ಕೈ ತೆಗೆಯಬಲ್ಲುದು. ಎರಡನೆಯದು, ಕೊನೆಯ ಮೆಟ್ಟಲಿನಿಂದ ಮೊದಲಿಗೆ ಬರುವುದು. ಮೊದಲ ಏಳು ಮೆಟ್ಟಲುಗಳನ್ನು ಜೊತೆಗೂಡಿ ಮಾಡಿ, ಮುಚ್ಚಳ ಎತ್ತುವ ಕೊನೆಯ ಮೆಟ್ಟಲನ್ನು ಮಾತ್ರ ಮಗುವಿಗೆ ಬಿಡಬೇಕು. ಅದು ಬಂದ ಮೇಲೆ ಕೊನೆಯ ಎರಡು, ಆಮೇಲೆ ಮೂರು. ಹೀಗೆ ಮಾಡಿದರೆ ಪ್ರತಿಸಲವೂ ಕೆಲಸವನ್ನು ಪೂರೈಸಿದವನು ಮಗುವೇ ಆಗುತ್ತಾನೆ, ಅನ್ನದ ಪರಿಮಳವೇ ಬಹುಮಾನವಾಗುತ್ತದೆ. ನಮ್ಮ ಬಾಲಕ ಹನ್ನೊಂದು ದಿನಗಳಲ್ಲಿ ಡಬ್ಬಿ ತೆರೆಯಲು ಕಲಿತ. ಏಳು ವರ್ಷ ನಾವು ಮಾಡದೆ ಇದ್ದುದು ಹನ್ನೊಂದು ದಿನದ ಕೆಲಸವಾಗಿತ್ತು.

ಸಾಧನಗಳ ಪರಿಚಯ

ಯಂತ್ರಸಾಧನವೆಂದೊಡನೆ ವಿದ್ಯುತ್ತಿನಿಂದ ನಡೆಯುವ ದುಬಾರಿ ವಸ್ತುವೇ ಕಣ್ಣಮುಂದೆ ಬರುವುದು. ಆದರೆ ಉಪ್ಪಿನ ಡಬ್ಬಕ್ಕೆ ಸುತ್ತಿದ ಒಂದು ರಬ್ಬರು ಪಟ್ಟಿಯೂ ಸಾಧನವೇ. ಸಕ್ಕರೆಯ ಡಬ್ಬಕ್ಕೆ ಅದು ಇಲ್ಲದಿದ್ದರೆ ಎರಡರ ಭೇದ ಬೆರಳಿಗೆ ತಿಳಿಯುತ್ತದೆ. ನಮ್ಮ ಅಡಿಗೆಮನೆಯ ಕುಕ್ಕರು ಸೀಟಿಯ ಎಣಿಕೆಯಿಂದ ಅನ್ನವಾದುದನ್ನು ತಿಳಿಸುತ್ತದೆ. ಒಗ್ಗರಣೆಯ ಸಾಸಿವೆ ಸಿಡಿಯುವ ಸದ್ದಿನಿಂದ ಎಣ್ಣೆ ಕಾದುದನ್ನು ಹೇಳುತ್ತದೆ. ಕಣ್ಣಿಗೆ ಬರುವ ಸುದ್ದಿಯನ್ನು ಕಿವಿಗೋ ಬೆರಳಿಗೋ ತಲಪಿಸುವುದೇ ಇವೆಲ್ಲವುಗಳ ತತ್ತ್ವ. ಇನ್ನು ಕೆಲವನ್ನು ಒಂದೊಂದಾಗಿ ನೋಡೋಣ.

ದ್ರವಮಟ್ಟ ಸೂಚಕ: ಬಟ್ಟಲಿನ ಅಂಚಿಗೆ ತಗುಲಿಹಾಕುವ ಬೆಂಕಿಪೆಟ್ಟಿಗೆಯಷ್ಟು ಚಿಕ್ಕ ಉಪಕರಣವಿದು. ಇದರ ಲೋಹದ ಕಡ್ಡಿಗಳು ಬಟ್ಟಲಿನೊಳಕ್ಕೆ ಇಳಿದಿರುತ್ತವೆ. ನೀರು ಅಥವಾ ಚಹಾ ಏರಿ ಕಡ್ಡಿಗಳನ್ನು ಮುಟ್ಟಿದೊಡನೆ ದ್ರವದ ಮೂಲಕ ವಿದ್ಯುತ್ತು ಹರಿದು ಮಂಡಲ ಪೂರ್ಣವಾಗಿ ‘ಬೀಪ್’ ಎಂದು ಕೂಗುತ್ತದೆ. ವಿಜ್ಞಾನದ ತರಗತಿಯಲ್ಲಿ ನೀವು ಓದಿದ ವಿದ್ಯುನ್ಮಂಡಲವೇ ಇದು. ಉಪಕರಣವಿಲ್ಲದಿದ್ದರೂ ಒಂದು ಉಪಾಯವುಂಟು: ಬಟ್ಟಲು ತುಂಬುತ್ತ ಬಂದಂತೆ ಒಳಗಿನ ಗಾಳಿಯ ಕಂಬ ಗಿಡ್ಡವಾಗಿ ಸುರಿಯುವ ಸದ್ದಿನ ಶ್ರುತಿ ಏರುತ್ತದೆ. ಮನೆಯಲ್ಲಿ ಕಣ್ಣು ಮುಚ್ಚಿ ಕೇಳಿ ನೋಡಿರಿ.

ಹಣದ ಗುರುತು: ಹಳೆಯ ಮಾಲಿಕೆಯ ನೂರು ರೂಪಾಯಿಯ ನೋಟು ೧೫೭ ಮಿಲಿಮೀಟರು, ಐನೂರರ ನೋಟು ೧೬೭ ಮಿಲಿಮೀಟರು ಉದ್ದವಿದ್ದವು. ೨೦೧೬ರಿಂದ ಬಂದ ಹೊಸ ಮಾಲಿಕೆಯಲ್ಲಿ ನೂರು, ಇನ್ನೂರು, ಐನೂರರ ಉದ್ದ ಕ್ರಮವಾಗಿ ೧೪೨, ೧೪೬, ೧೫೦ ಮಿಲಿಮೀಟರು. ಅಗಲ ಮೂರಕ್ಕೂ ೬೬. ಒಂದಕ್ಕೂ ಇನ್ನೊಂದಕ್ಕೂ ನಾಲ್ಕೇ ಮಿಲಿಮೀಟರಿನ ಅಂತರವಾದುದರಿಂದ ಅಂಧರಿಗೆ ಅಳತೆಯ ಭೇದ ಮೊದಲಿಗಿಂತ ಕಷ್ಟವಾಯಿತು. ಆದರೆ ಅಂಚಿನಲ್ಲಿ ಉಬ್ಬಿದ ಓರೆಗೆರೆಗಳಿವೆ: ನೂರಕ್ಕೆ ನಾಲ್ಕು, ಇನ್ನೂರಕ್ಕೆ ನಾಲ್ಕು ಗೆರೆ, ನಡುವೆ ಎರಡು ವೃತ್ತ, ಐನೂರಕ್ಕೆ ಐದು. ನೋಟು ಹಳತಾದಂತೆ ಉಬ್ಬು ಸವೆಯುತ್ತದೆ ಎಂಬುದೇ ತೊಂದರೆ. ಅದಕ್ಕಾಗಿ ರಿಸರ್ವ್ ಬ್ಯಾಂಕು ೨೦೨೦ರ ಜನವರಿ ೧ರಂದು ‘ಮಣಿ’ ಎಂಬ ಫೋನಿನ ಸಾಧನವನ್ನು ಬಿಡುಗಡೆ ಮಾಡಿತು. ಫೋನಿನ ಕ್ಯಾಮರಾದ ಮುಂದೆ ನೋಟನ್ನು ಹಿಡಿದರೆ ಅದರ ಬೆಲೆಯನ್ನು ನುಡಿಯುತ್ತದೆ; ಇಂಟರ್ನೆಟ್ ಇಲ್ಲದಾಗಲೂ ನಡೆಯುತ್ತದೆ. ನೋಟು ಅಸಲೋ ನಕಲಿಯೋ ಎಂಬುದನ್ನು ಮಾತ್ರ ಅದು ಹೇಳಲಾರದು. ೨೦೧೯ರಲ್ಲಿ ಬಿಡುಗಡೆಯಾದ ಇಪ್ಪತ್ತು ರೂಪಾಯಿಯ ನಾಣ್ಯಕ್ಕೆ ಹನ್ನೆರಡು ಮೂಲೆಗಳಿವೆ. ಬೆರಳಿಗೆ ಅದು ಎಂದೂ ಮೋಸ ಮಾಡದು.

ಬಿಳಿಯ ಕೋಲು: ಕೋಲು ಹಿಡಿದು ನಡೆಯುವುದು ಹಳೆಯ ರೂಢಿ, ಅದನ್ನು ಶಾಸ್ತ್ರವಾಗಿಸಿದವರು ಎರಡನೆಯ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಅಮೆರಿಕದ ಸೈನಿಕರಿಗೆ ಕಲಿಸಿದ ರಿಚರ್ಡ್ ಹೂವರ್. ಕೋಲು ಎದೆಯ ಎತ್ತರಕ್ಕೆ ಬರಬೇಕು. ಬಲಗಾಲು ಮುಂದಿಟ್ಟಾಗ ತುದಿ ಎಡಕ್ಕೆ, ಎಡಗಾಲು ಮುಂದಿಟ್ಟಾಗ ಬಲಕ್ಕೆ ತಾಗಬೇಕು. ಹೀಗೆ ಮುಂದಿನ ಹೆಜ್ಜೆ ಬೀಳುವ ನೆಲವನ್ನು ಕೋಲು ಮೊದಲೇ ಪರೀಕ್ಷಿಸಿರುತ್ತದೆ. ಆದರೆ ತಗ್ಗಾಗಿ ಚಾಚಿದ ಕೊಂಬೆ, ಲಾರಿಯ ಹಿಂಬದಿಯ ಹಲಗೆ ಮುಂತಾದವು ಕೋಲಿಗೆ ಸಿಗುವುದಿಲ್ಲ. ಈ ಕೊರತೆ ನೀಗಲು ದಿಲ್ಲಿಯ ಐ.ಐ.ಟಿ.ಯವರು ರೂಪಿಸಿದ ‘ಸ್ಮಾರ್ಟ್‌ಕೇನ್’ ೨೦೧೪ರಲ್ಲಿ ಹೊರಬಂದಿತು. ಅದು ಕಿವಿಗೆ ಕೇಳಿಸದ ಶಬ್ದತರಂಗಗಳನ್ನು ಕಳಿಸಿ, ಮೂರು ಮೀಟರಿನೊಳಗಿನ ಅಡ್ಡಿಗೆ ತಾಗಿ ಮರಳಿ ಬಂದಾಗ ಹಿಡಿಯನ್ನು ಕಂಪಿಸುವಂತೆ ಮಾಡುತ್ತದೆ. ಬಾವಲಿಯ ವಿದ್ಯೆಯೇ ಇಲ್ಲಿ ಮನುಷ್ಯನ ಅಂಗೈಗೆ ಬಂದಿದೆ.

ಮಾತನಾಡುವ ಫೋನು: ಇಂದಿನ ಫೋನುಗಳಲ್ಲಿ ಪರದೆಯ ಮೇಲಿನದನ್ನು ಓದಿಹೇಳುವ ವ್ಯವಸ್ಥೆ ಇದ್ದೇ ಇರುತ್ತದೆ. ಬೆರಳು ಎಲ್ಲಿ ತಾಗುತ್ತದೆಯೋ ಅಲ್ಲಿರುವುದರ ಹೆಸರು ಕೇಳಿಸುತ್ತದೆ. ಎರಡು ಸಲ ತಟ್ಟಿದರೆ ಅದು ತೆರೆಯುತ್ತದೆ. ಕನ್ನಡದಲ್ಲಿಯೂ ಓದುವ ಧ್ವನಿ ದೊರೆಯುತ್ತದೆ. ಬೀದಿಯ ನುಡಿ ಬೇರೆ, ಮನೆಯ ನುಡಿ ಬೇರೆಯಾದ ಈ ಮುಂಬಯಿಯಲ್ಲಿ ಯಂತ್ರವೊಂದು ತನ್ನ ನುಡಿಯಲ್ಲಿ ಹೊತ್ತು ಹೇಳಿದಾಗ ಬಾಲಕನ ಮುಖದಲ್ಲಿ ಕಂಡ ಬೆಳಕನ್ನು ನಾವು ಮರೆತಿಲ್ಲ. ಇದಕ್ಕೆ ಸೇರಿಸಿ ಹೇಳಬೇಕಾದ ಇನ್ನೊಂದು ಸಂಗತಿಯುಂಟು. ೧೯೫೧ರಲ್ಲಿ ಸ್ವೀಕೃತವಾದ ಭಾರತಿ ಬ್ರೈಲ್‌ನಲ್ಲಿ ಒಂದು ಉಚ್ಚಾರಕ್ಕೆ ಎಲ್ಲ ಭಾರತೀಯ ಭಾಷೆಗಳಲ್ಲಿಯೂ ಒಂದೇ ಚುಕ್ಕೆಗಳು. ಕನ್ನಡದ ‘ಕ’ಕಾರಕ್ಕೂ ಮರಾಠಿಯ ‘ಕ’ಕಾರಕ್ಕೂ ಬೆರಳಿನಡಿ ವ್ಯತ್ಯಾಸವಿಲ್ಲ. ನಾವು ಊರಿಂದ ಬಂದು ಬಸ್ಸಿನ ಫಲಕ ಓದಲು ಹೊಸ ಲಿಪಿಯೊಡನೆ ತಿಂಗಳುಗಟ್ಟಲೆ ಹೆಣಗಿದೆವು. ಈ ಬಾಲಕನಿಗೆ ಕನ್ನಡ ಕಲಿತಾಗಲೇ ಮರಾಠಿಯ ಅಕ್ಷರವೂ ಕೈಗೆ ಬಂದಿತ್ತು.

ಯಂತ್ರದ ಮಿತಿ

ಸಾಧನ ಬಂದುದರಿಂದ ಕಲಿಕೆ ತಪ್ಪುವುದಿಲ್ಲ. ಒಂದು ದಿನ ಬಾಲಕನ ಫೋನಿನ ಬ್ಯಾಟರಿ ಮುಗಿದಿತ್ತು. ಅಂಗಡಿಯವನು ಕೊಟ್ಟ ಚಿಲ್ಲರೆಯಲ್ಲಿ ನೂರೋ ಇನ್ನೂರೋ ತಿಳಿಯದೆ ಅವನು ನಿಂತುಬಿಟ್ಟ. ಅಂದಿನಿಂದ ನಾವು ಕ್ರಮವನ್ನು ಬದಲಿಸಿದೆವು: ಮೊದಲು ಬೆರಳು, ಆಮೇಲೆ ಫೋನು. ಬೆರಳು ಹೇಳಿದುದನ್ನು ಫೋನು ಪರೀಕ್ಷಿಸಬೇಕೇ ಹೊರತು ಫೋನು ಹೇಳಿದುದನ್ನು ಬೆರಳು ನಂಬಿ ಕೂಡಬಾರದು. ಬೇರೆಬೇರೆ ನೋಟುಗಳನ್ನು ಬೇರೆಬೇರೆ ರೀತಿಯಲ್ಲಿ ಮಡಿಸಿಡುವುದನ್ನೂ ಕಲಿಸಿದೆವು. ನೂರನ್ನು ಒಂದು ಮಡಿಕೆ, ಇನ್ನೂರನ್ನು ಎರಡು ಮಡಿಕೆ, ಐನೂರನ್ನು ಉದ್ದಕ್ಕೆ. ಇದಕ್ಕೆ ಬ್ಯಾಟರಿ ಬೇಕಿಲ್ಲ.

ಇನ್ನೊಂದು ಎಚ್ಚರಿಕೆ. ಸಹಾಯವನ್ನು ಕೊಡುವುದು ಹೇಗೋ ಹಾಗೆಯೇ ಅದನ್ನು ಹಿಂದೆಗೆಯುವುದೂ ಶಿಕ್ಷಣದ ಭಾಗ. ಮೊದಲು ಕೈ, ಆಮೇಲೆ ಮಾತು, ಕೊನೆಗೆ ಮೌನ - ಈ ಕ್ರಮದಲ್ಲಿ ಶಿಕ್ಷಕನು ಹಿಂದೆ ಸರಿಯಬೇಕು. ನಮಗೆ ಅತಿ ಕಷ್ಟವಾದುದು ಈ ಮೌನವೇ. ಬಾಲಕನು ಗುಂಡಿಯನ್ನು ತಪ್ಪು ಕಾಜಕ್ಕೆ ಹಾಕುವುದನ್ನು ನೋಡುತ್ತ ಸುಮ್ಮನಿರುವುದು ಪಾಠ ಹೇಳುವುದಕ್ಕಿಂತ ಹೆಚ್ಚಿನ ಶ್ರಮ.

ಒಲೆಯ ಪ್ರಶ್ನೆ

ಚಹಾ ಮಾಡುವುದನ್ನು ಕಲಿಸೋಣವೆಂದು ತಂದೆಯವರನ್ನು ಕೇಳಿದಾಗ ಅವರು ಒಪ್ಪಲಿಲ್ಲ. ತಮ್ಮ ಎರಡೂ ಮುಂಗೈಗಳನ್ನು ನಮ್ಮೆದುರು ಚಾಚಿ, “ನೋಡಿ ಮಾಸ್ಟ್ರೇ, ಎರಡು ಕಣ್ಣಿದ್ದೂ ನನ್ನ ಕೈ ಹೀಗಾಗಿದೆ. ಅವನನ್ನು ಬೆಂಕಿಯ ಹತ್ತಿರ ಬಿಡಬೇಡಿ” ಎಂದರು. ಇಪ್ಪತ್ತು ವರ್ಷ ಹೋಟೆಲಿನ ಒಲೆಯ ಮುಂದೆ ನಿಂತ ಕೈಗಳು. ಮೊಣಕೈಯವರೆಗೆ ಸುಟ್ಟ ಗಾಯದ ಕಲೆಗಳು. ನಮ್ಮಲ್ಲಿ ಆ ಕ್ಷಣಕ್ಕೆ ಉತ್ತರವಿರಲಿಲ್ಲ.

ಬ್ರೈಲ್ ಲಿಪಿಯ ಕರ್ತೃ ಲೂಯಿ ಬ್ರೈಲ್‌ನ ಬಾಲ್ಯ ಆಗ ನೆನಪಾಯಿತು. ಫ್ರಾನ್ಸಿನ ಹಳ್ಳಿಯೊಂದರಲ್ಲಿ ಅವನ ತಂದೆ ಕುದುರೆಯ ಜೀನು ಹೊಲಿಯುವವನು. ೧೮೧೨ರಲ್ಲಿ, ಮೂರು ವರ್ಷದ ಮಗುವಾಗಿದ್ದಾಗ, ತಂದೆಯ ಕಾರ್ಖಾನೆಯ ಚೂಪಾದ ಹತಾರ ತಾಗಿ ಅವನ ಕಣ್ಣು ಹೋಯಿತು. ಅದೇ ಬಾಲಕನು ಮುಂದೆ ಚೂಪಾದ ಮೊಳೆಯೊಂದರಿಂದ ಕಾಗದಕ್ಕೆ ಚುಕ್ಕೆ ಒತ್ತಿ ಬರೆಯುವ ಲಿಪಿಯನ್ನು ರೂಪಿಸಿ ೧೮೨೯ರಲ್ಲಿ ಪ್ರಕಟಿಸಿದನು. ಹತಾರಕ್ಕೆ ಹೆದರಿ ಅವನನ್ನು ಮೂಲೆಯಲ್ಲಿ ಕೂರಿಸಿದ್ದರೆ ಜಗತ್ತಿನ ಅಂಧರಿಗೆ ಅಕ್ಷರ ಎಲ್ಲಿಂದ ಬರುತ್ತಿತ್ತು? ಆದರೆ ಈ ಮಾತನ್ನು ನಾವು ತಂದೆಯವರಿಗೆ ಹೇಳಲಿಲ್ಲ. ಅವರ ಭಯ ಸುಳ್ಳಾಗಿರಲಿಲ್ಲ. ಕೈಯ ಮೇಲೆಯೇ ಬರೆದಿತ್ತು.

ಬದಲಾಗಿ ತಣ್ಣೀರಿನಿಂದ ಪ್ರಾರಂಭಿಸಿದೆವು. ಅಂಚುಳ್ಳ ಹರಿವಾಣದಲ್ಲಿ ಬಟ್ಟಲನ್ನಿಟ್ಟು, ಚೆಲ್ಲಿದರೂ ಹರಿವಾಣದಲ್ಲೇ ನಿಲ್ಲುವಂತೆ ಮಾಡಿ, ಮೂರು ತಿಂಗಳು ಬರಿಯ ನೀರನ್ನು ಸುರಿಸಿದೆವು. ಆಮೇಲೆ ಉಗುರುಬೆಚ್ಚಗಿನ ನೀರು. ಆಮೇಲೆ ವಿದ್ಯುತ್ ಕೆಟಲು. ನೀರು ಕುದಿದು ಆವಿ ತಾಗಿದೊಡನೆ ಅದರೊಳಗಿನ ಎರಡು ಲೋಹಗಳ ಪಟ್ಟಿ ಬಾಗಿ ವಿದ್ಯುತ್ತನ್ನು ತಾನೇ ಕಡಿಯುತ್ತದೆ, ಜ್ವಾಲೆಯ ಭಯವಿಲ್ಲ. ಬಿಸಿನೀರಿನ ಭಯ ಇದ್ದೇ ಇದೆ; ಅದಕ್ಕೆ ಮೂರು ತಿಂಗಳ ತಣ್ಣೀರಿನ ಅಭ್ಯಾಸವೇ ಕಾವಲು. ಇದಕ್ಕೆ ತಂದೆಯವರು ಒಪ್ಪಿದರು. ಒಂದು ಭಾನುವಾರ ಬಾಲಕನು ಮಾಡಿದ ಮೊದಲ ಚಹಾವನ್ನು ಅವರು ಕುಡಿದರು. ಕಾಲು ಭಾಗ ಹರಿವಾಣದಲ್ಲಿತ್ತು. ಸಕ್ಕರೆ ಎರಡು ಸಲ ಬಿದ್ದಿತ್ತು. “ಇಪ್ಪತ್ತು ವರ್ಷದಲ್ಲಿ ನನಗೆ ಯಾರೂ ಚಹಾ ಮಾಡಿ ಕೊಟ್ಟಿರಲಿಲ್ಲ ಮಾಸ್ಟ್ರೇ” ಎಂದು ಮರುದಿನ ಹೇಳಿ ಹೋದರು. ಅನಿಲದ ಒಲೆಗೆ ಅವರು ಇಂದಿಗೂ ಒಪ್ಪಿಲ್ಲ. ನಾವೂ ಒತ್ತಾಯಿಸಿಲ್ಲ.

ಉಪಸಂಹಾರ

ಬಾಲಕನು ಈಗ ಒಂಬತ್ತನೆಯ ಇಯತ್ತೆ. ಸ್ಟೇಶನ್ನಿನಲ್ಲಿ ಅಂಗವಿಕಲರ ಡಬ್ಬಿ ನಿಲ್ಲುವ ಜಾಗವನ್ನು ತಿಳಿಸುವ ಬೀಪ್ ಸದ್ದನ್ನು ಗುರುತಿಸಿ ಅಲ್ಲಿಯವರೆಗೆ ಕೋಲಿನ ಸಹಾಯದಿಂದ ಹೋಗಬಲ್ಲನು. ಆದರೆ ಗರ್ದಿಯ ಹೊತ್ತಿನಲ್ಲಿ ಒಬ್ಬನೇ ಗಾಡಿ ಹತ್ತುವಷ್ಟು ಆಗಿಲ್ಲ. ಮುಂದಿನ ವರ್ಷ ಹತ್ತನೆಯದು. ಅದರಾಚೆಯ ಕಾಲೇಜಿನಲ್ಲಿ ಕನ್ನಡದ ತರಗತಿಯಿರದು, ನಾವಿರೆವು, ಪಕ್ಕದ ಬೆಂಚಿನ ಗೆಳೆಯನಿರನು. ಇರುವುದು ಅವನ ಕೈ, ಕಿವಿ, ಮತ್ತು ಇಲ್ಲಿ ಕಲಿತಷ್ಟು. ನಮಗೆ ಉಳಿದಿರುವುದು ಒಂದೂವರೆ ವರ್ಷ.

ಈ ಮಳೆಗಾಲದಲ್ಲಿಯೂ ಒಂದು ದಿನ ಶಾಲೆ ಬೇಗ ಬಿಟ್ಟಿತು. ಈ ಸಲ ನಾವು ಮರೆಯದೆ ತರಗತಿಗೆ ಓಡಿದೆವು. ಬಾಲಕನು ತಂದೆಗೆ ಫೋನು ಮಾಡಿ ಮುಗಿಸಿ ಡಬ್ಬಿಯನ್ನು ಮೇಜಿನ ಮೇಲೆ ಇಡುತ್ತಿದ್ದ. ಹಳೆಯ ಅಭ್ಯಾಸಬಲದಿಂದ ನಮ್ಮ ಕೈ ಮುಂದಕ್ಕೆ ಹೋಯಿತು. ಬಳೆಯಿಲ್ಲದ ಕೈಯ ಸದ್ದು ಅವನಿಗೆ ಹೇಗೆ ಕೇಳಿಸಿತೋ ತಿಳಿಯದು. “ಸರ್, ನಾನೇ ತೆಗೆಯುತ್ತೇನೆ” ಎಂದ.

ವಿದ್ಯಾರ್ಥಿಗಳೇ, ನಿಮ್ಮಲ್ಲಿ ಸೇವಾಭಾವ ಹೆಚ್ಚಲಿ. ಆದರೆ ಅಂಧ ಗೆಳೆಯನ ಕೈ ಹಿಡಿದು ಎಳೆಯುವ ಮೊದಲು “ಸಹಾಯ ಬೇಕೇ?” ಎಂದು ಕೇಳಿರಿ. ಬೇಕೆಂದರೆ ನಿಮ್ಮ ಮೊಣಕೈಯನ್ನು ಕೊಡಿರಿ; ಅವನು ಹಿಡಿದುಕೊಂಡು ಅರ್ಧ ಹೆಜ್ಜೆ ಹಿಂದೆ ಬರುವನು. ಬೇಡವೆಂದರೆ ಸಂತೋಷದಿಂದ ಸುಮ್ಮನಿರಿ. ಪಾಲಕರೇ, ಮನೆಯಲ್ಲಿ ಒಂದು ಹರಿವಾಣ, ಒಂದು ಬಟ್ಟಲು, ಒಂದಿಷ್ಟು ತಣ್ಣೀರು ಇದ್ದರೆ ಈ ಪಾಠವನ್ನು ಇಂದೇ ಪ್ರಾರಂಭಿಸಬಹುದು. ನೀರು ಚೆಲ್ಲುವುದು. ಒರೆಸುವ ಬಟ್ಟೆಯನ್ನು ಮಗುವಿನ ಕೈಗೇ ಕೊಡಿರಿ. ಒರೆಸುವುದೂ ಒಂದು ಪಾಠವೇ.